ಮಕ್ಕಳೊಡನೆ ಹೊಳೆಗೆ ಇಳಿಯುವ ಮುನ್ನ

ಬೇಸಿಗೆ ರಜೆ ಬಂದರೆ ಸಾಕು, ಹಳೆ ಮೈಸೂರು ಕಡೆಯ ಕುಟುಂಬಗಳು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಕಾವೇರಿಯತ್ತ ಹೊರಡುತ್ತವೆ. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣದ ಸಂಗಮ, ಮುತ್ತತ್ತಿ, ಹೀಗೆ ಅವರವರ ಊರಿಗೆ ಹತ್ತಿರವಾದ ಜಾಗ. ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಒಟ್ಟಿಗೆ ನೀರಿಗಿಳಿಯುವ ಸುಖವೇ ಬೇರೆ. ಅದನ್ನು ಬೇಡವೆನ್ನುವ ವೈದ್ಯ ನಾನಲ್ಲ. ಆದರೆ ಒಂದು ಭಾನುವಾರದ ಮಧ್ಯಾಹ್ನವನ್ನು ನಾನು ಮರೆತಿಲ್ಲ.

ಆಗ ನಾನು ನದಿಗೆ ಹತ್ತಿರದ ಊರೊಂದರಲ್ಲಿ ವೃತ್ತಿ ಆರಂಭಿಸಿದ್ದೆ. ಆರು ವರ್ಷದ ಹುಡುಗನನ್ನು ತಂದೆ ತಲೆಕೆಳಗಾಗಿ ಹೆಗಲ ಮೇಲೆ ಹಾಕಿಕೊಂಡು ಓಡಿ ಬಂದರು. ದಾರಿಯುದ್ದಕ್ಕೂ ಯಾರೋ ಹೊಟ್ಟೆ ಅದುಮಿದ್ದರು. ಮಗು ವಾಂತಿ ಮಾಡಿ, ಊಟದ ಅಗಳು ಶ್ವಾಸನಾಳಕ್ಕೆ ಇಳಿದಿತ್ತು. ಉಸಿರು ಇತ್ತು, ಅದೇ ಪುಣ್ಯ. ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ನ್ಯುಮೋನಿಯಾ ಆಗಿ ಹನ್ನೆರಡು ದಿನ ಅಲ್ಲಿದ್ದು ಬದುಕಿ ಬಂದ. ಆ ತಂದೆ ನನಗೆ ಹೇಳಿದ ಮಾತು ಇದು: "ನೀರು ನನ್ನ ಮಂಡಿವರೆಗೂ ಇರ್ಲಿಲ್ಲ ಡಾಕ್ಟ್ರೇ. ನಾನು ಅಲ್ಲೇ ನಿಂತಿದ್ದೆ. ಅವನು ಒಂದು ಸಲಾನೂ ಕೂಗ್ಲಿಲ್ಲ."

ಅವರು ಸುಳ್ಳು ಹೇಳಲಿಲ್ಲ. ಮುಳುಗುವ ಮಗು ಕೂಗುವುದಿಲ್ಲ. ಸಿನಿಮಾದಲ್ಲಿ ಕೈ ಎತ್ತಿ "ಕಾಪಾಡಿ" ಎಂದು ಕಿರುಚುವುದನ್ನು ನೋಡಿ ನೋಡಿ ನಾವು ಹಾಗೆಯೇ ಆಗುತ್ತದೆಂದು ನಂಬಿದ್ದೇವೆ. ಕೂಗಲು ಮೊದಲು ಉಸಿರು ಬೇಕಲ್ಲವೇ? ಬಾಯಿ ನೀರಿನ ಮೇಲೆ ಬರುವ ಕ್ಷಣಾರ್ಧದಲ್ಲಿ ಮಗು ಗಾಳಿ ಎಳೆದುಕೊಳ್ಳಲು ನೋಡುತ್ತದೆ, ಅಷ್ಟರಲ್ಲಿ ಮತ್ತೆ ಒಳಗೆ. ಕೈಗಳು ಮೇಲೇಳುವುದಿಲ್ಲ, ಅಕ್ಕಪಕ್ಕದ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದೂರದಿಂದ ನೋಡುವವರಿಗೆ ಮಗು ಆಟವಾಡುತ್ತಿದೆ ಎಂದೇ ಕಾಣುತ್ತದೆ. ಈ ಸ್ಥಿತಿ ಒಂದು ನಿಮಿಷವೂ ನಡೆಯದೆ ಮಗು ಮುಳುಗಿಬಿಡಬಹುದು. ಆಮ್ಲಜನಕವಿಲ್ಲದೆ ನಾಲ್ಕಾರು ನಿಮಿಷ ಕಳೆದರೆ ಮೆದುಳಿಗೆ ಶಾಶ್ವತ ಹಾನಿ ಆರಂಭವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ನಾಲ್ಕನೇ ಒಂದು ಭಾಗದಷ್ಟು ಐದು ವರ್ಷದೊಳಗಿನ ಮಕ್ಕಳು.

ಆದ್ದರಿಂದ ದಡದಲ್ಲಿ ಕುಳಿತು "ನೋಡ್ಕೊಳ್ತಾ ಇದ್ದೀನಿ" ಎನ್ನುವುದು ಸಾಲದು. ಚಿಕ್ಕ ಮಗು ನಿಮ್ಮ ಕೈಗೆಟಕುವ ದೂರದಲ್ಲಿರಬೇಕು, ನೀವೂ ನೀರಿನಲ್ಲಿಯೇ ಇರಬೇಕು. ಒಂದು ಮಗುವಿಗೆ ಒಬ್ಬ ದೊಡ್ಡವರು, ಅದೂ ಹೆಸರು ಹೇಳಿ ಒಪ್ಪಿಸಿದವರು. ಹತ್ತು ಜನ ದೊಡ್ಡವರಿರುವ ಗುಂಪಿನಲ್ಲೇ ಅನಾಹುತ ಹೆಚ್ಚು ಎಂದು ನನ್ನ ಅನಿಸಿಕೆ. ಚಿಕ್ಕಪ್ಪ ನೋಡುತ್ತಿದ್ದಾನೆಂದು ಅಪ್ಪ, ಅಪ್ಪ ಇದ್ದಾರಲ್ಲ ಎಂದು ಚಿಕ್ಕಪ್ಪ. ಆ ಹೊತ್ತಿಗೆ ಫೋನ್ ಜೇಬಿನಲ್ಲಿರಲಿ. ಮದ್ಯ ಕುಡಿದವರಿಗೆ ಮಗುವನ್ನು ಒಪ್ಪಿಸುವ ಮಾತೇ ಬೇಡ, ಅವರನ್ನೂ ನೀರಿಗೆ ಬಿಡಬೇಡಿ.

ಹರಿಯುವ ನೀರಿನಲ್ಲಿ ದೊಡ್ಡವರು ಎಲ್ಲಿ ನಿಲ್ಲಬೇಕು ಎಂಬುದೂ ಮುಖ್ಯ. ಮಗುವಿಗಿಂತ ಕೆಳಗೆ, ಅಂದರೆ ನೀರು ಹೋಗುವ ದಿಕ್ಕಿನಲ್ಲಿ ನಿಲ್ಲಿ. ಕಾಲು ಜಾರಿದರೆ ಮಗು ನಿಮ್ಮ ಕಡೆಗೇ ಬರುತ್ತದೆ. ಮೇಲ್ಗಡೆ ನಿಂತರೆ ನೀವು ಅದರ ಹಿಂದೆ ಓಡಬೇಕಾಗುತ್ತದೆ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಅದು ಆಗದ ಕೆಲಸ.

ನಿಮ್ಮ ಮಂಡಿಯುದ್ದದ ನೀರು ಐದು ವರ್ಷದ ಮಗುವಿಗೆ ಸೊಂಟದ ಹತ್ತಿರ ಬರುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಅದಕ್ಕಾಗಿಯೇ ಆಳವಿಲ್ಲದ ಜಾಗದಲ್ಲೂ ಮಕ್ಕಳು ಕೊಚ್ಚಿಹೋಗುತ್ತಾರೆ. ಬಲಮುರಿಯಲ್ಲಿ ನಾವು ಜಲಪಾತ ಎನ್ನುವುದು ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಮೇಲಿಂದ ಇಳಿಯುವ ನೀರು. ನೋಡಲು ಚೆಂದ, ಅದರ ಕೆಳಗೆ ತಲೆಯೊಡ್ಡಿ ನಿಲ್ಲುವುದು ಎಲ್ಲರಿಗೂ ಇಷ್ಟ. ನೀರು ಕಡಿಮೆಯಿದ್ದಾಗ ಸರಿ. ಹರಿವು ಹೆಚ್ಚಾದಾಗ ಯಾವುದೇ ಒಡ್ಡಿನಿಂದ ಬಿದ್ದ ನೀರು ತಳಕ್ಕೆ ಹೋಗಿ, ಮೇಲೆದ್ದು, ತಿರುಗಿ ಒಡ್ಡಿನ ಕಡೆಗೇ ಬರುತ್ತದೆ. ಆ ಸುತ್ತಿಗೆ ಸಿಕ್ಕವರನ್ನು ಅದು ಅಲ್ಲೇ ಹೊರಳಿಸುತ್ತದೆ. ಚೆನ್ನಾಗಿ ಈಜು ಬಂದವರಿಗೂ ಹೊರಬರುವುದು ಕಷ್ಟ. ಮುತ್ತತ್ತಿಯಲ್ಲಿ ಬಂಡೆಗಳ ನಡುವೆ ಸುಳಿಗಳಿವೆ, ಅಲ್ಲಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಈ ಪತ್ರಿಕೆ ಓದುವವರೆಲ್ಲ ಓದಿಯೇ ಇರುತ್ತಾರೆ. ಮರಳು ತೆಗೆದ ಕಡೆಯ ಗುಂಡಿಗಳು ಇನ್ನೂ ಮೋಸ. ಪಾದ ಮುಳುಗುವಷ್ಟು ನೀರಿನಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಕಾಣೆಯಾಗುತ್ತದೆ.

ಇಲ್ಲಿ ಬಿಸಿಲಿದೆ ಎಂದು ನದಿ ಸುಮ್ಮನಿರುತ್ತದೆಂದು ತಿಳಿಯಬೇಡಿ. ಮೇಲ್ಭಾಗದಲ್ಲಿ ಮಳೆಯಾಗಿರಬಹುದು, ಅಣೆಕಟ್ಟಿನಿಂದ ನೀರು ಬಿಟ್ಟಿರಬಹುದು. ನದಿಪಾತ್ರದವರಿಗೆ ಎಚ್ಚರಿಕೆ ಎಂಬ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬಂದಿರುತ್ತದೆ. ಹೊರಡುವ ಮುನ್ನ ಅದನ್ನು ಓದಿ. ತಿಳಿಯಾಗಿದ್ದ ನೀರು ಕೆಂಪಗಾದರೆ, ಕಡ್ಡಿ ಕಸ ತೇಲಿಬರತೊಡಗಿದರೆ, ಅರ್ಧ ಗಂಟೆಯ ಹಿಂದೆ ಒಣಗಿದ್ದ ಕಲ್ಲು ಒದ್ದೆಯಾಗಿದ್ದರೆ ಮಕ್ಕಳನ್ನು ಎತ್ತಿಕೊಂಡು ದಡಕ್ಕೆ ಬನ್ನಿ. ಊಟದ ಡಬ್ಬಿ ಆಮೇಲೆ. ಇಳಿಯುವ ಮೊದಲು ಅಲ್ಲಿನ ಹರಿಗೋಲಿನವರನ್ನೋ, ಬಟ್ಟೆ ಒಗೆಯುವವರನ್ನೋ ಕೇಳಿ. ಎಲ್ಲಿ ಮಡುವಿದೆ ಎಂಬುದು ಅವರಿಗೆ ಗೊತ್ತು. ಅವರು ಬೇಡವೆಂದ ಕಡೆ ಇಳಿಯಬೇಡಿ, ಫಲಕ ಹಾಕಿದ ಕಡೆಯಂತೂ ಬೇಡವೇ ಬೇಡ. ಉಳಿದ ಕಡೆ ಮೊದಲು ಒಬ್ಬ ದೊಡ್ಡವರು ಕೋಲು ಊರಿಕೊಂಡು ನಡೆದು ನೋಡಲಿ.

ಲಾರಿ ಟ್ಯೂಬನ್ನು ನೆಚ್ಚಬೇಡಿ. ಮಗು ಅದರ ನಡುವಿನಿಂದ ಜಾರುತ್ತದೆ ಅಥವಾ ಟ್ಯೂಬಿನ ಸಮೇತ ಮಡುವಿಗೆ ಹೋಗುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಸೊಂಟಕ್ಕೆ ಬೆಂಡು ಕಟ್ಟಿ ಬಾವಿಯಲ್ಲಿ ಈಜು ಕಲಿಸುತ್ತಿದ್ದರು, ಆದರೆ ಹಗ್ಗದ ಇನ್ನೊಂದು ತುದಿ ಮಾವನ ಕೈಯಲ್ಲಿರುತ್ತಿತ್ತು. ಅಳತೆಗೆ ಸರಿಯಾದ ಲೈಫ್ ಜಾಕೆಟ್ ಸಿಕ್ಕರೆ ತೊಡಿಸಿ, ಪಟ್ಟಿಗಳನ್ನು ಬಿಗಿಯಿರಿ. ಮೂರ್ಛೆ ರೋಗವಿರುವ ಮಕ್ಕಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮಾತ್ರೆ ತಪ್ಪಿಸದಿದ್ದರೂ ಹೊಳೆಗೆ ಇಳಿಸಬೇಡಿ, ದಡದಲ್ಲಿ ಚೊಂಬಿನಿಂದ ನೀರು ಹುಯ್ಯಿರಿ ಸಾಕು.

ಯಾರಾದರೂ ಮುಳುಗುತ್ತಿದ್ದರೆ ಹೆತ್ತ ಕರುಳು ಹಾರಿಬಿಡುತ್ತದೆ. ಒಂದೇ ಮನೆಯ ಮೂವರು, ನಾಲ್ವರು ಒಟ್ಟಿಗೆ ಹೋಗುವುದು ಹೀಗೆಯೇ: ಮಗುವಿಗಾಗಿ ತಾಯಿ, ತಾಯಿಗಾಗಿ ತಮ್ಮ. ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಈಜಲಾರರು. ಆದ್ದರಿಂದ ಹೋಗುವಾಗಲೇ ಹತ್ತು ಹದಿನೈದು ಮೀಟರ್ ಗಟ್ಟಿ ಹಗ್ಗ ಮತ್ತು ಮುಚ್ಚಳವಿರುವ ಖಾಲಿ ಪ್ಲಾಸ್ಟಿಕ್ ಕ್ಯಾನ್ ಒಯ್ಯಿರಿ. ಹಗ್ಗದ ತುದಿಗೆ ಕ್ಯಾನ್ ಕಟ್ಟಿ ಎಸೆದರೆ ತೇಲುತ್ತದೆ, ಹಿಡಿಯಲು ಸಿಗುತ್ತದೆ. ಅದಿಲ್ಲದಿದ್ದರೆ ಪಂಚೆ, ಸೀರೆ, ಉದ್ದನೆಯ ಕೋಲು. ದಡದಲ್ಲಿ ಮಲಗಿ ಚಾಚಿ, ನಿಮ್ಮ ಕಾಲನ್ನು ಇನ್ನೊಬ್ಬರು ಹಿಡಿದಿರಲಿ.

ಮಗುವನ್ನು ಹೊರಗೆ ತಂದಿರಿ. ಈಗ ಏನು ಮಾಡಬಾರದು ಎಂಬುದನ್ನೇ ಮೊದಲು ಹೇಳುತ್ತೇನೆ. ಕಾಲು ಹಿಡಿದು ತಿರುಗಿಸಬೇಡಿ, ಹೊಟ್ಟೆ ಅದುಮಬೇಡಿ. ಹೊರಬರುವುದು ಹೊಟ್ಟೆಯೊಳಗಿನ ನೀರು ಮತ್ತು ಊಟ, ಶ್ವಾಸಕೋಶದ ನೀರಲ್ಲ. ಅದು ಶ್ವಾಸನಾಳಕ್ಕೆ ನುಗ್ಗಿದರೆ ಆ ಹುಡುಗನಿಗಾದಂತೆ ಆಗುತ್ತದೆ. ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಜೀವ ಬರುತ್ತದೆಂಬ ಸುದ್ದಿ ಮೊಬೈಲುಗಳಲ್ಲಿ ಹರಿದಾಡಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮುಳುಗಿ ಸತ್ತ ಬಾಲಕನನ್ನು ಗಂಟೆಗಟ್ಟಲೆ ಹಾಗೆ ಇಟ್ಟರು. ಆ ತಂದೆ ತಾಯಿಯ ಸಂಕಟ ಅರ್ಥವಾಗುತ್ತದೆ, ಆದರೆ ಉಪ್ಪಿಗೆ ಅಂಥ ಯಾವ ಶಕ್ತಿಯೂ ಇಲ್ಲ.

ಮುಳುಗಿದ ಮಗುವಿಗೆ ಬೇಕಾದದ್ದು ಗಾಳಿ. ಒಬ್ಬರು 108ಕ್ಕೆ ಕರೆ ಮಾಡುತ್ತಿರಲಿ. ಕಾಡಿನೊಳಗಿನ ಜಾಗಗಳಲ್ಲಿ ಸಿಗ್ನಲ್ ಇರದಿರಬಹುದು, ಬಂದ ಕೂಡಲೇ ಅದನ್ನು ನೋಡಿಕೊಂಡಿರಿ. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಕೂಗಿ, ಭುಜ ತಟ್ಟಿ ನೋಡಿ. ಉಸಿರಾಟ ಇಲ್ಲವೆಂದರೆ, ಅಥವಾ ಆಗೊಮ್ಮೆ ಈಗೊಮ್ಮೆ ತೇಕುತ್ತಿದ್ದರೆ, ಹಣೆಯ ಮೇಲೆ ಕೈಯಿಟ್ಟು ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ. ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು, ಎದೆ ಮೇಲೇಳುವಷ್ಟು ಐದು ಸಲ ನಿಧಾನವಾಗಿ ಊದಿ. ಬಾಯಲ್ಲಿ ನೊರೆ ಇದ್ದರೆ ಅದನ್ನೇ ಒರೆಸುತ್ತ ಕೂರಬೇಡಿ. ಆಗಲೂ ಮಗು ಕದಲದಿದ್ದರೆ ಎದೆಯ ಮಧ್ಯದ ಮೂಳೆಯ ಕೆಳಭಾಗದ ಮೇಲೆ ಅಂಗೈಯ ಬುಡವಿಟ್ಟು, ಎದೆಯ ದಪ್ಪದ ಮೂರನೇ ಒಂದು ಭಾಗ ಇಳಿಯುವಂತೆ ಒತ್ತಿ ಬಿಡಿ. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತು, 2 ಸಲ ಉಸಿರು, ಮತ್ತೆ 30. ವೈದ್ಯರು ಬರುವವರೆಗೆ ಅಥವಾ ಮಗು ಉಸಿರಾಡುವವರೆಗೆ ನಿಲ್ಲಿಸಬೇಡಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ. ತಾನಾಗಿ ವಾಂತಿಯಾದರೆ ಮಗ್ಗುಲಿಗೆ ಹೊರಳಿಸಿ ಬಾಯಿ ಸ್ವಚ್ಛ ಮಾಡಿ ಮುಂದುವರಿಸಿ.

ಇದನ್ನು ಓದಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಮೇಲು. ರೆಡ್ ಕ್ರಾಸ್ ಸಂಸ್ಥೆ, ಕೆಲವು ಆಸ್ಪತ್ರೆಗಳು ಗೊಂಬೆಯ ಮೇಲೆ ಅಭ್ಯಾಸ ಮಾಡಿಸುತ್ತವೆ. ಮಕ್ಕಳಿರುವ ಮನೆಯಲ್ಲಿ ಒಬ್ಬರಾದರೂ ಹೋಗಿ ಬನ್ನಿ.

ನೀರಿನಲ್ಲಿ ಮುಳುಗಿ ಎದ್ದ ಮಗು ಕಣ್ಣು ಬಿಟ್ಟಿತು, ಅಮ್ಮಾ ಎಂದಿತು ಎಂದ ಮಾತ್ರಕ್ಕೆ ನೇರ ಮನೆಗೆ ಕರೆದೊಯ್ಯಬೇಡಿ. ಶ್ವಾಸಕೋಶಕ್ಕೆ ಸ್ವಲ್ಪವೇ ನೀರು ಹೋಗಿದ್ದರೂ ಕೆಲವು ಗಂಟೆಗಳಲ್ಲಿ ಕೆಮ್ಮು, ಏದುಸಿರು, ಮಂಕು ಕಾಣಿಸಿಕೊಳ್ಳಬಹುದು. ಪ್ರಜ್ಞೆ ತಪ್ಪಿದ್ದ ಅಥವಾ ಕೃತಕ ಉಸಿರು ಬೇಕಾದ ಮಗು ಆಸ್ಪತ್ರೆಯಲ್ಲೇ ಇರಬೇಕು. ಕೆಮ್ಮುತ್ತಿರುವ ಮಗುವನ್ನಾದರೂ ಆರೆಂಟು ಗಂಟೆ ವೈದ್ಯರ ಕಣ್ಣೆದುರು ಇಡಿಸಿ. ದಾರಿಯಲ್ಲಿ ಒದ್ದೆ ಬಟ್ಟೆ ತೆಗೆದು ಒಣ ಟವೆಲ್ ಸುತ್ತಿ, ಪಕ್ಕಕ್ಕೆ ಮಲಗಿಸಿಕೊಳ್ಳಿ, ಕುಡಿಯಲು ಏನನ್ನೂ ಕೊಡಬೇಡಿ.