ಲಾಕ್‌ಡೌನ್‌ಗೆ ಶೇ 93 ಬೆಂಬಲ! ಸಮೀಕ್ಷೆ ನಂಬುವ ಮುನ್ನ ಏನು ನೋಡಬೇಕು?

ಬ್ರಿಟನ್ನಿನಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಲಾಕ್‌ಡೌನ್ ಘೋಷಿಸಿದ್ದು 2020ರ ಮಾರ್ಚ್ 23ರ ರಾತ್ರಿ. ಮರುದಿನ ಯೂಗವ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಶೇ 93 ಮಂದಿ ಅದನ್ನು ಬೆಂಬಲಿಸಿದರು. 2021ರ ಜುಲೈನಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಗಾಗಿ ಇಪ್ಸಾಸ್ ಮೋರಿ ನಡೆಸಿದ ಸಮೀಕ್ಷೆ ಇನ್ನಷ್ಟು ಬೆರಗು ಹುಟ್ಟಿಸಿತು. ಕೋವಿಡ್ ಅಪಾಯ ಇರಲಿ ಬಿಡಲಿ, ರಾತ್ರಿ 10ರ ನಂತರದ ಕರ್ಫ್ಯೂ ಶಾಶ್ವತವಾಗಿರಲಿ ಎಂದವರು ಶೇ 19! ಇಂಥ ಅಂಕಿಗಳನ್ನು ಕಣ್ಣುಮುಚ್ಚಿ ನಂಬುವುದೂ ತಪ್ಪು, ಸಾರಾಸಗಟಾಗಿ ಸುಳ್ಳೆನ್ನುವುದೂ ತಪ್ಪು. ಹೀಗೆ ಪರಿಶೀಲಿಸಿ.

1. ಮೂಲ ಪ್ರಶ್ನೆ ಓದಿ. ಬ್ರಿಟಿಷ್ ಪೋಲಿಂಗ್ ಕೌನ್ಸಿಲ್‌ನ ಸದಸ್ಯ ಸಂಸ್ಥೆಗಳು ಪ್ರಶ್ನೆಯ ಪೂರ್ಣ ಪಾಠವನ್ನೂ ಕೋಷ್ಟಕಗಳನ್ನೂ ಪ್ರಕಟಿಸಲೇಬೇಕು. ಕರ್ಫ್ಯೂ ಪ್ರಶ್ನೆ ಬಂದದ್ದು ಮಾಸ್ಕ್, ಕ್ವಾರಂಟೈನ್ ಮುಂತಾದ ನಿರ್ಬಂಧಗಳ ಸಾಲಿನಲ್ಲಿ. ಸಾಲುಸಾಲಾಗಿ ಕೇಳುತ್ತಾ ಹೋದರೆ ಕೆಲವರು ಯೋಚಿಸದೆ ‘ಇರಲಿ’ ಎಂದುಬಿಡುತ್ತಾರೆ. ಹಾಗಾಗಿ ಐವರಲ್ಲಿ ಒಬ್ಬರು ನಿಜವಾಗಿಯೂ ಜೀವನವಿಡೀ ಕರ್ಫ್ಯೂ ಬಯಸಿದರೆಂದು ಆ ಒಂದೇ ಅಂಕಿಯಿಂದ ತೀರ್ಮಾನಿಸಲಾಗದು.

2. ದಿನಾಂಕ ನೋಡಿ. ಮಾರ್ಚ್ 24ರಂದು ಭಯ ಹೊಸದು. ಮುಚ್ಚಿದ ಅಂಗಡಿ, ನಿಂತ ಸಂಬಳದ ಬಿಸಿ ಇನ್ನೂ ತಟ್ಟಿರಲಿಲ್ಲ. ಶೇ 93 ಆ ದಿನದ ಅಭಿಪ್ರಾಯವೇ ಹೊರತು ಮುಂದಿನ ತಿಂಗಳುಗಳದ್ದಲ್ಲ.

3. ಯಾರನ್ನು ಕೇಳಿದ್ದಾರೆ? ಇದೇ ಬಹುಮುಖ್ಯ. 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು, ಗೆದ್ದವರು ರೂಸ್‌ವೆಲ್ಟ್. ವಿಳಾಸಗಳನ್ನು ಹೆಚ್ಚಾಗಿ ಫೋನ್, ಕಾರು ಇದ್ದವರ ಪಟ್ಟಿಗಳಿಂದ ತೆಗೆದುಕೊಂಡಿದ್ದರು. ಉತ್ತರ ಕಳಿಸಿದವರೂ ಮತದಾರರೆಲ್ಲರ ಪ್ರತಿಬಿಂಬ ಆಗಿರಲಿಲ್ಲ. ನಮ್ಮಲ್ಲೂ ಲಾಕ್‌ಡೌನ್ ಕಾಲದಲ್ಲಿ ಮನೆಮನೆಗೆ ಹೋಗಿ ಕೇಳುವಂತಿರಲಿಲ್ಲ, ಫೋನೇ ದಾರಿ. ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ಊರಿಗೆ ನಡೆದು ಹೊರಟ ವಲಸೆ ಕಾರ್ಮಿಕರಿಗೆ, ಸ್ವಂತ ಮೊಬೈಲ್ ಇಲ್ಲದ ಹೆಂಗಸರಿಗೆ ಅಂಥ ಕರೆ ತಲುಪುವುದು ಕಷ್ಟ. ಲಾಕ್‌ಡೌನ್‌ನ ಹೊಡೆತ ಹೆಚ್ಚು ಬಿದ್ದವರ ದನಿಯೇ ಬಿಟ್ಟುಹೋಗಿದ್ದರೆ ಉಳಿದ ಶೇಕಡಾವಾರನ್ನು ‘ಜನಾಭಿಪ್ರಾಯ’ ಎಂದು ಕರೆಯುವುದು ಅನ್ಯಾಯ.

4. ಏರಿಳಿತ ಅಳೆಯಿರಿ. ಯಾದೃಚ್ಛಿಕವಾಗಿ ಆಯ್ದ 1,000 ಜನರ ಸಮೀಕ್ಷೆಯಲ್ಲಿ ಸುಮಾರು 3 ಅಂಶದಷ್ಟು ಹೆಚ್ಚುಕಡಿಮೆ ಸಹಜ. ಬೆಂಬಲ 52ರಿಂದ 50ಕ್ಕೆ ಇಳಿದರೆ ‘ಕುಸಿತ’ ಎನ್ನಬೇಡಿ. ಅದರೊಳಗಿನ 100 ಯುವಕರ ಅಂಕಿಯಾದರೆ 10 ಅಂಶದವರೆಗೂ ಜಾರಬಹುದು.

5. ನಡವಳಿಕೆಯ ಜೊತೆ ತಾಳೆ ನೋಡಿ. ‘ನಿಯಮ ಪಾಲಿಸುತ್ತೀರಾ?’ ಎಂದರೆ ಒಳ್ಳೆಯವರೆನಿಸಿಕೊಳ್ಳಲು ಹೌದು ಎನ್ನುವವರೇ ಹೆಚ್ಚು. ಜನ ನಿಜಕ್ಕೂ ಎಷ್ಟು ಓಡಾಡಿದರೆಂಬ ಅಂದಾಜು 2020ರಿಂದ 2022ರವರೆಗಿನ ಗೂಗಲ್ ಸಂಚಾರ ವರದಿಗಳಲ್ಲಿದೆ.

ಪ್ರಶ್ನೆ, ದಿನಾಂಕ, ಕೇಳಿದ ವಿಧಾನ ಈ ಮೂರನ್ನೂ ಹೇಳದ ಸಮೀಕ್ಷೆಯ ಸುದ್ದಿಯನ್ನು ದಯವಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಮುಂದಕ್ಕೆ ಕಳಿಸಬೇಡಿ.