ಎಂಟು ಕಂಠಗಳು, ಒಂದೇ ಶಿಲುಬೆ



ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸ ಪ್ರಮಾಣವನ್ನು ನಾವು ಬಾಯಿಪಾಠವಾಗಿ ಹೇಳುತ್ತೇವೆ. ಪ್ರಭು ನಮಗೋಸ್ಕರ ಶಿಲುಬೆಗೇರಿ, ಯಾತನೆಪಟ್ಟು, ಸಮಾಧಿಯಾದರೆಂಬ ಮಾತು ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ಆ ಒಂದು ವಾಕ್ಯದ ಮುಂದೆ ನಮ್ಮನ್ನು ಸುಮಾರು ಮೂರು ನಿಮಿಷ ನಿಲ್ಲಿಸುವ ಗೀತೆಯೊಂದಿದೆ. ಅದು ಅಂತೋನಿಯೊ ಲೊತ್ತಿಯವರ ಎಂಟು ಕಂಠಗಳ 'ಕ್ರೂಚಿಫಿಕ್ಸುಸ್'. ಈ ಲತೀನ್ ಪದಕ್ಕೆ 'ಶಿಲುಬೆಗೇರಿಸಲ್ಪಟ್ಟರು' ಎಂದರ್ಥ.

ಲೊತ್ತಿ 1740ರಲ್ಲಿ ತೀರಿಕೊಂಡರು. ತಮ್ಮ ಜೀವನದ ಬಹುಭಾಗವನ್ನು ಅವರು ವೆನಿಸ್ ನಗರದ ಸಂತ ಮಾರ್ಕರ ಮಹಾದೇವಾಲಯದ ಸೇವೆಯಲ್ಲೇ ಕಳೆದರು. ಗಾಯಕರಾಗಿ ಸೇರಿ, ಆರ್ಗನ್ ವಾದಕರಾಗಿ, 1736ರಲ್ಲಿ ಅಲ್ಲಿಯ ಸಂಗೀತದ ಮುಖ್ಯಸ್ಥರಾದರು.

ನಮ್ಮ ದೇವಾಲಯಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಒಂದೇ ರಾಗವನ್ನು ಒಟ್ಟಾಗಿ ಹಾಡುತ್ತೇವೆ. ಬಹುಧ್ವನಿ ಗಾಯನ, ಅಂದರೆ ಪಾಲಿಫೊನಿ, ಹಾಗಲ್ಲ. ಅದರಲ್ಲಿ ಪ್ರತಿಯೊಂದು ಕಂಠಕ್ಕೂ ತನ್ನದೇ ದಾರಿ. ಆದರೂ ಎಲ್ಲವೂ ಸೇರಿ ಒಂದೇ ಗೀತೆ. ಹೀಗೆ ಹಾಡಿದರೆ ಪ್ರಾರ್ಥನೆಯ ಮಾತೇ ಕೇಳಿಸುವುದಿಲ್ಲವೆಂಬ ದೂರು ಟ್ರೆಂಟ್ ಮಹಾಸಭೆಯ (1545–1563) ಕಾಲದಲ್ಲಿತ್ತು. ಲೊತ್ತಿ ಇಲ್ಲಿ ಕೆಲವೇ ಮಾತುಗಳನ್ನು ಆರಿಸಿಕೊಂಡು, ಅವನ್ನೇ ಮತ್ತೆ ಮತ್ತೆ ಹಾಡಿಸುತ್ತಾರೆ. ಕೇಳುವವನಿಗೆ ಮಾತು ತಪ್ಪಿಹೋಗುವುದಿಲ್ಲ, ಮನಸ್ಸಿಗೆ ಇಳಿಯುತ್ತದೆ.

ಗೀತೆ ಅತ್ಯಂತ ಕೆಳಗಿನ ಗಂಡುಕಂಠದಿಂದ ಆರಂಭವಾಗುತ್ತದೆ. ಒಂದರ ಮೇಲೊಂದರಂತೆ ಉಳಿದ ಕಂಠಗಳು ಸೇರುತ್ತಾ ಮೇಲಕ್ಕೇರುತ್ತವೆ. ಹೊಸ ಕಂಠ ಬಂದಾಗ ಅದರ ಸ್ವರ ಮೊದಲಿನ ಸ್ವರಕ್ಕೆ ಉಜ್ಜಿದಂತಾಗಿ ಕಿವಿಗೆ ನೋವಾಗುತ್ತದೆ. ಹಿಡಿದು ನಿಂತಿದ್ದ ಸ್ವರ ಒಂದು ಮೆಟ್ಟಿಲು ಕೆಳಗಿಳಿದಾಗ ಆ ನೋವು ಶಮನವಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಘರ್ಷಣೆ. ಶಿಲುಬೆಯ ಯಾತನೆಯನ್ನು ಲೊತ್ತಿ ಮಾತಿನಿಂದ ವಿವರಿಸದೆ, ಸ್ವರಗಳಿಂದಲೇ ನಮಗೆ ಮುಟ್ಟಿಸುತ್ತಾರೆ.

ಇದರಲ್ಲಿ ನಮ್ಮ ಕುಟುಂಬಗಳಿಗೂ ಪಾಠವಿದೆ. ಒಂದೇ ಮನೆಯಲ್ಲಿ ಹಲವು ಕಂಠಗಳು. ಅಪ್ಪನದೊಂದು ಮಾತು, ಮಗನದೊಂದು, ಅತ್ತೆ ಸೊಸೆಯರದು ಮತ್ತೊಂದು. ಘರ್ಷಣೆಯೇ ಇಲ್ಲದ ಮನೆ ಎಲ್ಲಿದೆ? ಬೇರೊಬ್ಬರ ಬಾಯಿ ಮುಚ್ಚಿಸಿದರೆ ಸಾಮರಸ್ಯ ಬಾರದು. ಕೋಪಿಸಿಕೊಂಡು ಮನೆ ಬಿಟ್ಟರೂ ಬಾರದು. ತನ್ನದೇ ಸರಿಯೆಂದು ಹಿಡಿದು ನಿಂತವರು ಒಂದು ಮೆಟ್ಟಿಲು ಇಳಿಯಬೇಕು. ತಮ್ಮನ್ನೇ ತಗ್ಗಿಸಿಕೊಂಡು ಶಿಲುಬೆಯವರೆಗೂ ಇಳಿದುಬಂದ ಪ್ರಭುವಿನ ದಾರಿಯೂ ಅದೇ ತಾನೆ?

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಗ್ರೆಗೋರಿಯನ್ ಗಾನಕ್ಕೆ ಪ್ರಧಾನ ಸ್ಥಾನ ನೀಡಿ, ಬಹುಧ್ವನಿ ಗಾಯನಕ್ಕೂ ದೈವಾರಾಧನೆಯಲ್ಲಿ ಸ್ಥಳವಿದೆ ಎಂದಿತು. ಅವಕಾಶ ಸಿಕ್ಕಾಗ ಈ ಗೀತೆಯನ್ನು ಮನೆಮಂದಿಯೆಲ್ಲ ಕುಳಿತು ಕೇಳಿರಿ. ಮುಂದಿನ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ 'ನಮಗೋಸ್ಕರ' ಎನ್ನುವಾಗ ಒಂದು ಕ್ಷಣ ನಿಲ್ಲಿರಿ. ಯಾರೊಡನೆ ಮಾತು ಬಿಟ್ಟಿದ್ದೀರೋ ಅವರನ್ನು ನೆನೆಯಿರಿ. ಮೊದಲು ಇಳಿಯುವ ಮೆಟ್ಟಿಲು ನಿಮ್ಮದಾಗಲಿ.