ಯಾವ ಸರಾಸರಿ, ಮಗು?

ಊರು ಬಿಟ್ಟು ಚೆನ್ನೈನ ಪೋರೂರಿಗೆ ಕೆಲಸಕ್ಕೆ ಬಂದಿದ್ದೀಯ. ಕಚೇರಿಯ ವರದಿಯಲ್ಲಿ, ಪೇಪರಿನಲ್ಲಿ, ಮನೆ ಬಾಡಿಗೆಯ ಮಾತಿನಲ್ಲಿ ‘ಸರಾಸರಿ’ ಎನ್ನುವ ಪದ ದಿನಾ ಕಿವಿಗೆ ಬೀಳುತ್ತದೆ. ಬಿದ್ದ ಕೂಡಲೇ ತಲೆಯಾಡಿಸಬೇಡ. ಯಾವ ಸರಾಸರಿ, ಯಾವುದನ್ನೆಲ್ಲ ಕೂಡಿಸಿ ತೆಗೆದದ್ದು ಅಂತ ಕೇಳು.

ಹತ್ತು ಜನರ ಒಂದು ತಂಡ ಇದೆ ಅಂದುಕೋ. ಒಂಬತ್ತು ಜನಕ್ಕೆ ತಿಂಗಳಿಗೆ 30,000 ರೂಪಾಯಿ, ಮೇಲಿನವರೊಬ್ಬರಿಗೆ 3,30,000. ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಾಸರಿ 60,000. ಆ ತಂಡದಲ್ಲಿ ಅರವತ್ತು ಸಾವಿರ ಎಣಿಸುವ ಕೈ ಒಂದೂ ಇಲ್ಲ! ಸಂಬಳಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನ ಎರಡನ್ನು ನೋಡು, ಎರಡೂ 30,000. ಹೈಸ್ಕೂಲಿನಲ್ಲಿ ಓದಿದ ಮಧ್ಯಾಂಕ ಅದೇ. ಕಾಲೇಜುಗಳು ‘ಸರಾಸರಿ ಪ್ಯಾಕೇಜ್’ ಎಂದು ಜಾಹೀರಾತು ಹಾಕಿದಾಗ, ಮಧ್ಯಾಂಕ ಎಷ್ಟು ಎಂದು ವಿಚಾರಿಸಲು ನಿನ್ನ ತಮ್ಮನಿಗೂ ಹೇಳಿಕೊಡು. ಬಹುಲಕ ಅಂತ ಇನ್ನೊಂದು ಓದಿದ್ದೆಯಲ್ಲ, ಅದು ಚಪ್ಪಲಿ ಅಂಗಡಿಯವನ ಲೆಕ್ಕ: ಹೆಚ್ಚು ಜನ ಕೊಳ್ಳುವ ಅಳತೆಯನ್ನೇ ಹೆಚ್ಚು ತರಿಸುತ್ತಾನೆ.

ಸರಾಸರಿಯನ್ನು ನಾನು ಜರೆಯುತ್ತಿಲ್ಲ. ಭಾಸ್ಕರಾಚಾರ್ಯರ 1150ರ ‘ಲೀಲಾವತಿ’ಯಲ್ಲಿ ಗುಂಡಿ ತೋಡುವ ಲೆಕ್ಕವೊಂದಿದೆ. ಗುಂಡಿ ಒಂದೇ ಸಮ ಇಲ್ಲ. ಮೂರು ಕಡೆ ಅಳೆದರೆ ಉದ್ದ 10, 11, 12 ಮೊಳ. ಅಗಲ 5, 6, 7. ಆಳ 2, 3, 4. ಒಂದೊಂದರ ಸರಾಸರಿ ತೆಗೆದು ಗುಣಿಸಿದರೆ 198 ಘನಮೊಳ. ತೆಗೆದ ಮಣ್ಣೆಷ್ಟು, ಕೂಲಿ ಎಷ್ಟು ಕೊಡಬೇಕು ಎನ್ನುವುದಕ್ಕೆ ಈ ಉತ್ತರ ಸಾಕು. ಅದೇ ಗುಂಡಿಯಲ್ಲಿ ನೀರು ನಿಂತು, ಈಜು ಬಾರದವನು ಇಳಿಯಲು ಹೊರಟರೆ ‘ಸರಾಸರಿ ಮೂರೇ ಮೊಳ’ ಅಂತ ಧೈರ್ಯ ಹೇಳುವುದು ಪಾಪದ ಕೆಲಸ. ನಾಲ್ಕು ಮೊಳದ ಆಳ ಯಾವ ಕಡೆಗಿದೆ ಎಂದು ತೋರಿಸಬೇಕು.

ಈ ಊರನ್ನೇ ನೋಡು. ಚೆನ್ನೈಗೆ ವರ್ಷಕ್ಕೆ ಸರಾಸರಿ ಸುಮಾರು 1,400 ಮಿಲಿಮೀಟರ್ ಮಳೆ, ನಮ್ಮ ಬೆಂಗಳೂರಿಗಿಂತ ಹೆಚ್ಚು. ಕೇಳಿದವರಿಗೆ ನೀರಿನ ಚಿಂತೆಯೇ ಇಲ್ಲದ ಊರು ಅನ್ನಿಸಬೇಕು. 2015ರಲ್ಲಿ ನವೆಂಬರ್ ಒಂದೇ ತಿಂಗಳು 1,000 ಮಿಲಿಮೀಟರ್ ದಾಟಿತು. ಡಿಸೆಂಬರ್ ಶುರುವಿನಲ್ಲಿ ಚೆಂಬರಂಬಾಕ್ಕಂ ಜಲಾಶಯದಿಂದ 29,000 ಕ್ಯೂಸೆಕ್ ನೀರು ಬಿಟ್ಟಾಗ ಅಡ್ಯಾರ್ ನದಿ ಉಕ್ಕಿ, ಪಕ್ಕದ ಮಣಪಾಕ್ಕಂನಲ್ಲಿ ಮನೆಗಳು ಮುಳುಗಿದವು. 2018ರ ಹಿಂಗಾರು ಕೈಕೊಟ್ಟಿತು. 2019ರ ಜೂನ್ ಹೊತ್ತಿಗೆ ಜಲಾಶಯಗಳ ತಳ ಕಾಣುತ್ತಿತ್ತು. ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ಒಂದು ರೈಲಿಗೆ 25 ಲಕ್ಷ ಲೀಟರ್‌ನಂತೆ ಕಾವೇರಿ ನೀರು ತರಿಸಿಕೊಂಡು ಈ ನಗರ ಕುಡಿಯಿತು. ಆ ಎರಡು ಕಾಲವನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಎಲ್ಲವೂ ನೆಟ್ಟಗಿದ್ದಂತೆ ಕಾಣುತ್ತದೆ. ಮುಳುಗಿದವರಿಗೂ ಬಿಂದಿಗೆ ಹಿಡಿದು ನಿಂತವರಿಗೂ ಆ ಭಾಗಲಬ್ಧದಿಂದ ಏನು ಸಿಕ್ಕಿತು?

ಕಾವೇರಿ ಎಂದಮೇಲೆ ಇದನ್ನೂ ಹೇಳಬೇಕು. ಕನ್ನಡದವನು ಅಂತ ಗೊತ್ತಾದರೆ ಇಲ್ಲಿನ ಟೀ ಅಂಗಡಿಯಲ್ಲಿ ಕಾವೇರಿ ನೀರಿನ ಜಗಳದ ಬಗ್ಗೆ ನಿನ್ನನ್ನು ಕೇಳಿಯೇ ಕೇಳುತ್ತಾರೆ. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ನದಿಯ ವರ್ಷದ ನೀರನ್ನು 740 ಟಿಎಂಸಿ ಎಂದು ಹಿಡಿಯಿತು, ಶೇಕಡಾ 50ರ ಭರವಸೆಯ ಲೆಕ್ಕದಲ್ಲಿ. ಅಂದರೆ ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಅದಕ್ಕಿಂತ ಹೆಚ್ಚು, ಇನ್ನರ್ಧದಷ್ಟು ವರ್ಷಗಳಲ್ಲಿ ಕಡಿಮೆ. ಇದು ಮಧ್ಯಾಂಕದ ಜಾತಿಯ ಸಂಖ್ಯೆ. 2018ರಲ್ಲಿ ಸುಪ್ರೀಂ ಕೋರ್ಟ್ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹರಿಸಬೇಕು ಎಂದದ್ದೂ ‘ಸಾಮಾನ್ಯ ವರ್ಷ’ಕ್ಕೆ. ಮಳೆ ಚೆನ್ನಾಗಿ ಬಂದ ವರ್ಷ ಯಾರೂ ಬೀದಿಗಿಳಿಯುವುದಿಲ್ಲ. 2023ರಂತೆ ಮಳೆ ಸೋತ ವರ್ಷ, ಇರುವ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆ ಎಂಬುದೇ ಜಗಳ. ಮಂಡ್ಯದ ರೈತನೂ ತಂಜಾವೂರಿನ ರೈತನೂ ಸರಾಸರಿ ವರ್ಷದಲ್ಲಿ ಬದುಕುವುದಿಲ್ಲ, ಆಯಾ ವರ್ಷದಲ್ಲಿ ಬದುಕುತ್ತಾರೆ. ಟೀ ಅಂಗಡಿಯಲ್ಲಿ ಇಷ್ಟನ್ನು ಸಮಾಧಾನವಾಗಿ ಹೇಳು, ದನಿ ಏರಿಸಬೇಡ.

ಈ ವಾರ ಮನೆ ನೋಡಲು ಹೋಗುತ್ತೀಯಂತೆ. ಅಡ್ವಾನ್ಸ್ ಕೊಡುವ ಮುಂಚೆ ಪಕ್ಕದ ಮನೆಯವರ ಹತ್ತಿರ ಎರಡು ಮಾತು ಕೇಳು: 2015ರ ಡಿಸೆಂಬರಿನಲ್ಲಿ ಈ ಬೀದಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, 2019ರ ಬೇಸಿಗೆಯಲ್ಲಿ ಬೋರ್‌ವೆಲ್‌ನಲ್ಲಿ ನೀರಿತ್ತೇ? ತಮಿಳಿನಲ್ಲಿ ಕೇಳಲು ಕಷ್ಟವಾದರೆ ನನಗೊಂದು ಫೋನ್ ಮಾಡು, ಜೊತೆಗೆ ಬರುತ್ತೇನೆ.